ಸೋಮವಾರದ ಅಳತೆ

ನಮ್ಮ ಅತ್ತೆಯ ಬಗ್ಗೆ ನಾನು ಒಳ್ಳೆಯ ಮಾತು ಬರೆಯಲು ಕೂತಿದ್ದೇನೆ ಎಂದರೆ ನನ್ನ ತಂಗಿ ಬಿದ್ದು ಬಿದ್ದು ನಗುತ್ತಾಳೆ. ನಗಲಿ. ಮೂರು ವರ್ಷ ಅವರ ಕೈಕೆಳಗೆ ಹೊಲಿದು, ಆಮೇಲೆ ಹದಿನಾಲ್ಕು ವರ್ಷ ಅವರ ಮನೆಯಲ್ಲಿ ಸೊಸೆಯಾಗಿಯೂ ಬಾಳಿ, ಆ ಹೆಂಗಸಿನ ಬಾಯಿಗೆ ನನ್ನಷ್ಟು ಸಿಕ್ಕಿಬಿದ್ದವರು ಇನ್ನೊಬ್ಬರಿಲ್ಲ. ಹೊಗಳುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೇ.

ಅವರು ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರ ಕಟಿಂಗ್ ಮಾಸ್ಟರ್. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಉದ್ದನೆಯ ಒಂದೇ ಕೋಣೆ, ಬೀದಿಯ ಕಡೆಗೆ ಆರು ಕಿಟಕಿ, ಹನ್ನೊಂದು ಹೊಲಿಗೆ ಯಂತ್ರ, ಮೂಲೆಯಲ್ಲಿ ಇಸ್ತ್ರಿ ಮೇಜು, ಬಾಗಿಲ ಪಕ್ಕದಲ್ಲಿ ಗುಂಡಿ ಹಚ್ಚುವ ಮೇಜು. ಇವೆಲ್ಲದರ ನಟ್ಟನಡುವೆ ಹನ್ನೆರಡು ಅಡಿ ಉದ್ದದ ಕತ್ತರಿಸುವ ಮೇಜು. ಅಲ್ಲಿ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೀಟು ಎಳೆದು, ಮೊಣಕೈಯುದ್ದದ ಕತ್ತರಿಯಲ್ಲಿ ಅವರು ಕತ್ತರಿಸಿ ಕೊಟ್ಟದ್ದನ್ನು ನಾವೆಲ್ಲ ಹೊಲಿಯಬೇಕು. ಅವರ ಗೀಟು ಒಂದು ಎಳೆ ಆಚೆ ಹೋದರೆ ಐವತ್ತು ಜನರ ಕಾಲರ್ ಸೊಟ್ಟಗಾಗುತ್ತದೆ. ಮೂವತ್ತೊಂದು ವರ್ಷದಲ್ಲಿ ಹಾಗೆ ಆದದ್ದು ಒಂದೇ ಸಲವಂತೆ, ಅದೂ ಬಟ್ಟೆಯವನ ತಪ್ಪಂತೆ. ಹೇಳಿದವರು ಅವರೇ.

ಮನೆಯಲ್ಲಿ ನಾನು ಅವರನ್ನು ಅತ್ತೆ ಅನ್ನುತ್ತೇನೆ, ಕೆಲಸದಲ್ಲಿ ಮಾಸ್ಟರ್ ಅನ್ನುತ್ತೇನೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಬಾಯಿ ತಪ್ಪಿ ಯಂತ್ರದ ಮುಂದೆ ಕೂತು "ಅತ್ತೆ" ಎಂದುಬಿಟ್ಟೆ. "ಇಲ್ಲಿ ನಿನಗೆ ಯಾವ ಅತ್ತೆಯೂ ಇಲ್ಲ, ಆ ಜೇಬು ಬಿಚ್ಚಿ ಮತ್ತೆ ಹೊಲಿ" ಎಂದರು. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ತಮ್ಮ ಮಗನಿಗೆ ನನ್ನನ್ನು ಕೇಳಿದ್ದೂ ಅದೇ ಯಂತ್ರದ ಪಕ್ಕದಲ್ಲಿ ನಿಂತು. ಹುಡುಗಿ ಹೇಗೆ ಎಂದು ಮಗ ವಿಚಾರಿಸಿದಾಗ "ನೇರ ಹೊಲೀತಾಳೆ" ಎಂದಷ್ಟೇ ಹೇಳಿದರಂತೆ. ನನ್ನ ಗಂಡ ಆ ಮಾತನ್ನು ಇವತ್ತಿಗೂ ಹೇಳಿ ನಗುತ್ತಾರೆ.

ಅವರ ಬಲ ಎದೆಯಲ್ಲಿ ಗಂಟು ಕಂಡಾಗ ಅವರಿಗೆ ಐವತ್ತಾರು ವರ್ಷ. ಕ್ಯಾನ್ಸರ್ ಎಂದು ಗೊತ್ತಾದ ದಿನ ಆಸ್ಪತ್ರೆಯಿಂದ ನೇರ ಕಾರ್ಖಾನೆಗೆ ಹೋಗಿ ಅರ್ಧ ಉಳಿದಿದ್ದ ಪ್ಯಾಂಟುಗಳನ್ನು ಕತ್ತರಿಸಿ ಮುಗಿಸಿದರು. ಎದೆ ತೆಗೆದರು, ಕಂಕುಳಲ್ಲಿದ್ದ ಸಣ್ಣ ಸಣ್ಣ ಗ್ರಂಥಿಗಳನ್ನೂ ತೆಗೆದರು. ಔಷಧಿಗೆ ಕೂದಲು ಹೋಯಿತು. ಐದು ವಾರ ವಿಕಿರಣ ಕೊಟ್ಟರು. ಇಷ್ಟಾದರೂ ಕೆಲಸದವರಿಗೆ ಹೇಳಿದ್ದು ಹೊಟ್ಟೆಯ ಆಪರೇಷನ್ ಅಂತ. ನನ್ನ ಬಾಯಿಗೂ ಬೀಗ ಹಾಕಿಸಿದ್ದರು. ಕೂದಲು ಯಾಕೆ ಹೋಯಿತು ಎಂದು ಯಾರೂ ಕೇಳಲಿಲ್ಲ, ಕೇಳುವ ಧೈರ್ಯ ಯಾರಿಗಿತ್ತು?

ಮನೆಗೆ ಕಳಿಸುವಾಗ ನರ್ಸು ನಾಲ್ಕು ಪುಟದ ಒಂದು ಕೈಪಿಡಿ ಕೊಟ್ಟಿದ್ದಳು. ಗ್ರಂಥಿ ತೆಗೆದ ಕಡೆಯ ಕೈಯನ್ನು ಹೇಗೆ ನೋಡಿಕೊಳ್ಳಬೇಕು, ಯಾವ ಲಕ್ಷಣ ಕಂಡರೆ ಬರಬೇಕು ಎಂಬುದೆಲ್ಲ ಅದರಲ್ಲಿತ್ತು. ಅತ್ತೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಕಾಗದ ಒಳ್ಳೇ ದಪ್ಪಗಿದೆ ಎಂದು ಕಾಲರ್ ಅಚ್ಚು ಕತ್ತರಿಸಿಕೊಂಡರು. ಆ ಅಚ್ಚು ಇಟ್ಟುಕೊಂಡು ಎಷ್ಟು ನೂರು ಕಾಲರ್ ಹೊಲಿದೆನೋ ಲೆಕ್ಕವಿಲ್ಲ. ಅದರ ಮೇಲೆ "ಊತ ಕಂಡ ಕೂಡಲೇ" ಎಂಬಷ್ಟು ಮಾತ್ರ ಉಳಿದಿತ್ತು. ಕೂಡಲೇ ಏನು ಮಾಡಬೇಕು ಎಂಬುದು ಕಸದ ಬುಟ್ಟಿಗೆ ಹೋಗಿತ್ತು.

ಮುಂದಿನದನ್ನು ಹೇಳಲು ನನಗೆ ಈಗಲೂ ಸಂಕಟವಾಗುತ್ತದೆ, ಯಾಕೆಂದರೆ ನಾನು ಕುರುಡಿಯಾಗಿದ್ದೆ. ಚಿಕಿತ್ಸೆ ಮುಗಿದು ಎರಡು ವರ್ಷದ ಮೇಲೆ ಒಂದು ಭಾನುವಾರ ಮನೆಯಲ್ಲಿ ಅವರು ಕೆಲಸಕ್ಕೆ ಹಾಕುವ ನೀಲಿ ತುಂಬುತೋಳಿನ ಅಂಗಿಗೆ ಗುಂಡಿ ಹಚ್ಚುತ್ತಿದ್ದೆ. ಒಳಮೈ ಹೊರಗೆ ಮಾಡಿದಾಗ ಬಲತೋಳಿನ ಹೊಲಿಗೆ ವಿಚಿತ್ರವಾಗಿ ಕಂಡಿತು. ಈಗಿನ ಹೊಲಿಗೆಯ ಪಕ್ಕದಲ್ಲಿ, ಅರ್ಧ ಇಂಚು ಒಳಗೆ, ಹಳೆಯ ಹೊಲಿಗೆ ಬಿಚ್ಚಿದ ಸೂಜಿ ತೂತಿನ ಸಾಲು. ಅದರಿಂದ ಅರ್ಧ ಇಂಚು ಒಳಗೆ ಇನ್ನೊಂದು ಸಾಲು. ಅದಕ್ಕೂ ಒಳಗೆ ಮತ್ತೊಂದು. ಎಡತೋಳಿನಲ್ಲಿ ಒಂದೇ ಹೊಲಿಗೆ, ಮೊದಲು ಹಾಕಿದ್ದೇ.

ಸಮವಸ್ತ್ರದವರು ಅಂಗಿ ಕತ್ತರಿಸುವಾಗ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಹೆಚ್ಚಿಗೆ ಬಿಡುತ್ತಾರೆ. ಹಾಕಿಕೊಳ್ಳುವವನು ದಪ್ಪಗಾದರೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಅಂತ. ನಮ್ಮ ಮಾಸ್ಟರ್ ಎಲ್ಲರಿಗಿಂತ ಧಾರಾಳವಾಗಿ ಬಿಡುವವರು. ಬೇರೆ ಯಾವ ಹೆಂಗಸಿಗಾದರೂ ತೋಳು ಬಿಗಿಯಾದರೆ ಕೈ ದಪ್ಪವಾಗಿದೆ ಎಂದು ಗೊತ್ತಾಗಿ ಆಸ್ಪತ್ರೆಗೆ ಓಡುತ್ತಿದ್ದಳು. ಇವರು ಊಟದ ಬಿಡುವಿನಲ್ಲಿ ಕೂತು ಅರ್ಧ ಇಂಚು ಬಿಚ್ಚಿಕೊಂಡಿದ್ದಾರೆ. ಮತ್ತೆ ಬಿಗಿಯಾಯಿತು, ಮತ್ತೆ ಬಿಚ್ಚಿದ್ದಾರೆ. ತೋಳು ಯಾವತ್ತೂ ಸರಿಯಾಗಿಯೇ ಕೂರುತ್ತಿತ್ತು, ಹಾಗಾಗಿ ನಾಲ್ಕು ಮಾರು ದೂರದಲ್ಲಿ ಕೂತ ನನಗೂ ಏನೂ ಕಾಣಲಿಲ್ಲ. ಬೀರು ತೆಗೆದು ಉಳಿದ ನಾಲ್ಕು ಅಂಗಿಯನ್ನೂ ನೋಡಿದೆ. ಎಲ್ಲದರಲ್ಲೂ ಅದೇ ಕಥೆ.

ಅಂಗಿ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು, ಎಡಗೈಯಲ್ಲಿ.

"ಇದೇನತ್ತೆ?"

ಒಮ್ಮೆ ನೋಡಿದರು. "ಬಟ್ಟೆ ಕುಗ್ಗಿದೆ."

"ಬಲಗಡೆ ಮಾತ್ರ ಕುಗ್ಗಿತಾ?"

"ಈಗಿನ ಬಟ್ಟೆ, ಏನು ಹೇಳಕ್ಕಾಗತ್ತೆ."

ಎರಡು ಸಲ ನೀರಲ್ಲಿ ನೆನೆಸದೆ ಒಂದು ಗೇಣು ಬಟ್ಟೆಗೂ ಕತ್ತರಿ ಹಾಕದ ಹೆಂಗಸು ಹೇಳುವ ಮಾತೇ ಇದು? ನನಗೆ ಎಲ್ಲಿಲ್ಲದ ಕೋಪ ಬಂತು. ಅವರ ಬಲಗೈ ಹಿಡಿದು ತೋಳು ಮೇಲಕ್ಕೆ ಸರಿಸಿದೆ. ಎರಡು ಕೈಯೂ ಒಬ್ಬರದೇ ಅನ್ನಿಸಲಿಲ್ಲ. ಮೊಣಕೈ ಮೂಳೆ ಎಲ್ಲಿದೆಯೋ ಕಾಣುತ್ತಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದೆ, ನಾದಿದ ಹಿಟ್ಟಿನಲ್ಲಿ ಒತ್ತಿದ ಹಾಗೆ ಗುಳಿ ಬಿತ್ತು. ಎತ್ತಿದ ಮೇಲೂ ಗುಳಿ ಹಾಗೇ ಉಳಿಯಿತು.

"ನೋಯತ್ತಾ?"

"ನೋವಲ್ಲ. ಭಾರ. ಒದ್ದೆ ಕೋಟು ಹಾಕ್ಕೊಂಡ ಹಾಗೆ." ತೋಳು ಕೆಳಗೆ ಎಳೆದುಕೊಂಡರು. "ಮೊದಮೊದಲು ಬೆಳಿಗ್ಗೆ ಎದ್ದರೆ ಇಳಿದಿರೋದು. ಈಗ ಇಳಿಯಲ್ಲ. ಈ ರೈಲಿನವರ ಕೆಲಸ ಮುಗೀಲಿ, ತೋರಿಸ್ತೀನಿ. ಈಗ ಆಚೆ ಹೋಗು."

ಜಪ್ಪಯ್ಯ ಅಂದರೂ ಆಸ್ಪತ್ರೆಗೆ ಬರಲಿಲ್ಲ. ನನ್ನ ಗಂಡ ಹೇಳಿದರು, ನಾನು ಕಣ್ಣೀರು ಹಾಕಿದೆ, ಊಟ ಬಿಟ್ಟು ಮುಷ್ಕರ ಹೂಡಿದೆ. "ಒಂದು ಹೊತ್ತಿನ ಅಕ್ಕಿ ಉಳೀತು" ಎಂದರು. ರೈಲಿನ ಗಾರ್ಡುಗಳ ಚಳಿಗಾಲದ ಕೋಟಿನ ಆರ್ಡರು ಬಂದಿತ್ತು. ಅದು ಮುಗಿಯುವ ತನಕ ಯಾರ ಮಾತಿಗೂ ಸೊಪ್ಪು ಹಾಕುವವರಲ್ಲ ಅವರು.

ಅಷ್ಟು ದಿನ ಕಾಯಲು ಕೈ ಒಪ್ಪಲಿಲ್ಲ. ಹತ್ತು ದಿನವಾಗಿರಬೇಕು, ಬಟ್ಟೆಗೆ ಸಿಗಿಸುವ ಗುಂಡುಪಿನ್ನು ಬಲಗೈ ತೋರುಬೆರಳಿಗೆ ಚುಚ್ಚಿತು. ನಮ್ಮ ಕೆಲಸದಲ್ಲಿ ದಿನಕ್ಕೆ ನಾಲ್ಕು ಸಲ ಚುಚ್ಚುತ್ತದೆ, ಬೆರಳು ಬಾಯಿಗಿಟ್ಟು ಮರೆಯುತ್ತೇವೆ. ಮಾರನೆಯ ದಿನ ಮಧ್ಯಾಹ್ನ ಅವರು ಗೀಟು ಎಳೆಯುತ್ತ ಎಳೆಯುತ್ತ ಮೇಜಿಗೆ ಒರಗಿದರು. ಗೀಟು ಅಂಕುಡೊಂಕಾಗಿತ್ತು. ಅದನ್ನು ನೋಡಿಯೇ ಮೂಲೆಯ ಮೇಜಿನ ಇಸ್ತ್ರಿಯಣ್ಣ ಪೆಟ್ಟಿಗೆ ಕೆಳಗಿಟ್ಟು ಓಡಿಬಂದದ್ದು. ಮೈ ಕೆಂಡವಾಗಿತ್ತು, ಪ್ರಜ್ಞೆ ತಪ್ಪಿತ್ತು. ಅಂಗಿಯ ತೋಳನ್ನು ನಾನೇ ಕತ್ತರಿಯಿಂದ ಸೀಳಿದೆ. ಬೆರಳಿನಿಂದ ಭುಜದವರೆಗೆ ಕೈ ಕೆಂಪಗೆ ಹೊಳೆಯುತ್ತಿತ್ತು. ಕಾರ್ಖಾನೆಯೆಲ್ಲ ಸುತ್ತ ನಿಂತು ನೋಡಿತು.

ನಾಲ್ಕು ದಿನ ಆಸ್ಪತ್ರೆ. ಸೂಜಿ, ಡ್ರಿಪ್ಪು, ರಕ್ತದೊತ್ತಡದ ಪಟ್ಟಿ, ಎಲ್ಲ ಎಡಗೈಗೆ. ಸೋಂಕು ಇಳಿದ ಮೇಲೆ ಕೈಯ ಚಿಕಿತ್ಸೆಗೆಂದೇ ಇರುವ ಒಬ್ಬ ಹೆಂಗಸಿನ ಬಳಿ ಕಳಿಸಿದರು. ಸುತ್ತುವುದು ಪಟ್ಟಿ, ಗದರುವುದು ಶಾಲೆಯ ಟೀಚರ್ ಥರ, ಹಾಗಾಗಿ ನಮ್ಮ ಮನೆಯಲ್ಲಿ ಅವಳಿಗೆ ಪಟ್ಟಿ ಟೀಚರ್ ಎಂದೇ ಹೆಸರು. ಮೊದಲ ದಿನ ಅವಳು ಟೇಪು ತೆಗೆದು ಅತ್ತೆಯ ಕೈಯನ್ನು ಮಣಿಕಟ್ಟಿನಿಂದ ನಾಲ್ಕು ನಾಲ್ಕು ಸೆಂಟಿಮೀಟರಿಗೆ ಗುರುತು ಹಾಕಿ ಅಳೆಯತೊಡಗಿದಳು. ಅತ್ತೆ ಎರಡು ಗುರುತಿನವರೆಗೆ ತಡೆದುಕೊಂಡರು.

"ಟೇಪು ಹಾಗೆ ಹಿಡೀತಾರೇನಮ್ಮ? ಓರೆಯಾಗಿದೆ. ಕಾಲು ಇಂಚು ಸುಳ್ಳು ಹೇಳತ್ತೆ."

"ನಾವು ಇಂಚಲ್ಲಿ ಅಳೆಯಲ್ಲ."

"ಯಾಕೆ?"

"ಇಂಚು ದೊಡ್ಡದು. ನಮಗೆ ಸಣ್ಣದೂ ತಿಳೀಬೇಕು."

ಅತ್ತೆ ತಾವೇ ಟೇಪಿನ ತುದಿಯನ್ನು ನೇರ ಮಾಡಿ ಹಿಡಿದುಕೊಟ್ಟರು. ಅವತ್ತಿನಿಂದ ಅವರಿಗೆ ಅವಳ ಮೇಲೆ ಗೌರವ. ಮೊಣಕೈಯ ಮೇಲಿನ ಮೂರನೆಯ ಗುರುತಿನಲ್ಲಿ ಎಡಗೈ ಇಪ್ಪತ್ತೊಂಬತ್ತು ಸೆಂಟಿಮೀಟರು, ಬಲಗೈ ಮೂವತ್ತೈದು.

ಪಟ್ಟಿ ಟೀಚರ್ ಸುತ್ತಿ ಬಳಸದೆ ಹೇಳಿದಳು. ಕೈಯಿಂದ ನೀರು ವಾಪಸು ಹೋಗುವ ದಾರಿ ಕಂಕುಳಲ್ಲಿತ್ತು, ಗ್ರಂಥಿ ತೆಗೆದಾಗ, ವಿಕಿರಣ ಕೊಟ್ಟಾಗ ಆ ದಾರಿ ಹಾಳಾಗಿದೆ. ಮೊದಲ ಹಂತದಲ್ಲಿ ಕೈ ಎತ್ತಿಟ್ಟರೆ ಊತ ಇಳಿಯುತ್ತದೆ, ಆಗಲೇ ಬಂದಿದ್ದರೆ ಸುಲಭವಿತ್ತು. ಇದು ಎರಡನೆಯ ಹಂತ. ಹೀಗೇ ಬಿಟ್ಟರೆ ಒಳಗಿನ ಮಾಂಸ ಗಟ್ಟಿಯಾಗುತ್ತದೆ, ಆಮೇಲೆ ಯಾವ ಪಟ್ಟಿಗೂ ಬಗ್ಗುವುದಿಲ್ಲ.

"ವಾಸಿಯಾಗತ್ತೋ ಇಲ್ವೋ, ಅದು ಹೇಳು."

"ಪೂರ್ತಿ ಹೋಗಲ್ಲಮ್ಮ. ಇಳಿಸಬಹುದು, ಇಳಿಸಿದ್ದನ್ನ ಹಿಡಿದಿಟ್ಟುಕೋಬಹುದು. ದಿನಾ, ಬದುಕಿರೋ ತನಕ."

"ಕತ್ತರಿ ಹಿಡೀಬಹುದಾ?"

"ಹಿಡೀಲೇಬೇಕು. ಸುಮ್ನೆ ಇಟ್ಟ ಕೈಗೇ ಕಷ್ಟ ಜಾಸ್ತಿ. ಬಿಗಿ ತೋಳು ಹಾಕ್ಕೊಂಡು, ಗಂಟೆಗೊಮ್ಮೆ ಬಿಡುವು ಕೊಟ್ಟು, ಎಷ್ಟು ಬೇಕಾದ್ರೂ ಕೆಲಸ ಮಾಡಿ. ನಿಧಾನಕ್ಕೆ ಏರಿಸಿಕೊಂಡು ಹೋಗಿ."

ನಾಲ್ಕು ವಾರ ದಿನಾ ಹೋಗಿ ಪದರ ಪದರವಾಗಿ ಪಟ್ಟಿ ಸುತ್ತಿಸಿಕೊಂಡರು. ಹೊಸ ಹಾಸಿಗೆಯ ಸುರುಳಿಯಂತಿದ್ದ ಆ ಕೈಯಲ್ಲಿ ಬಾಗಿಲ ಚಿಲಕವನ್ನೂ ಹಾಕಲಾಗುತ್ತಿರಲಿಲ್ಲ. ಆ ನಾಲ್ಕು ವಾರ ಅವರಿಗೆ ತಲೆ ಬಾಚಿದವಳು ನಾನು, ಬೈಸಿಕೊಂಡವಳೂ ನಾನೇ. ಕೊನೆಯ ದಿನ ಮೂವತ್ತೈದು ಇದ್ದದ್ದು ಮೂವತ್ತೊಂದಕ್ಕೆ ಬಂತು. ಆಮೇಲೆ ಮಣಿಕಟ್ಟಿನಿಂದ ಭುಜದವರೆಗೆ ಬಿಗಿಯಾಗಿ ಕೂರುವ, ಚರ್ಮದ ಬಣ್ಣದ ಎಲಾಸ್ಟಿಕ್ ತೋಳು ಕೊಟ್ಟರು. ಬೆಳಿಗ್ಗೆ ಹಾಕಬೇಕು, ರಾತ್ರಿ ತೆಗೆಯಬೇಕು. ಅತ್ತೆ ಅದಕ್ಕೆ ಪೀಡೆ ಎಂದು ಹೆಸರಿಟ್ಟರು. "ಪೀಡೆ ತಾರೇ" ಎಂದು ಕೂಗಿದರೆ ನಾನು ಹಿಡಿತ ಸಿಗಲೆಂದು ರಬ್ಬರ್ ಗ್ಲೌಸು ಹಾಕಿಕೊಂಡು ಹೋಗಿ, ಅವರು ಗೋಡೆಗೆ ಕೈ ಊರಿ ನಿಂತು, ಇಬ್ಬರೂ ಏದುಸಿರು ಬಿಡುತ್ತ ಅದನ್ನು ಏರಿಸುತ್ತಿದ್ದೆವು.

ಇಷ್ಟರಲ್ಲಿ ಕಾರ್ಖಾನೆಯಲ್ಲಿ ಬೇರೆ ವ್ಯವಸ್ಥೆ ಆಗಿತ್ತು. ಚಿಕ್ಕ ಯಜಮಾನರು ಕೆಟ್ಟವರಲ್ಲ. ಅವರ ಅಪ್ಪನ ಕಾಲದಲ್ಲಿ ಶಾಲೆಯಿಂದ ಬಂದು ಇದೇ ಕತ್ತರಿಸುವ ಮೇಜಿನ ಕೆಳಗೆ ಆಡಿಕೊಂಡಿದ್ದವರು. ಅವರು ಇನ್ನೊಂದು ಕಡೆಯಿಂದ ಒಬ್ಬ ಕಟಿಂಗ್‌ನವನನ್ನು ಕರೆಸಿದ್ದರು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ, ನಾವು ಹೊಸಬ ಎನ್ನುತ್ತಿದ್ದೆವು. ಮಾಸ್ಟರ್‌ಗೆ ಗುಂಡಿ ಮೇಜಿನಲ್ಲಿ ಮೆತ್ತೆ ಹಾಕಿದ ಹೊಸ ಕುರ್ಚಿ ತರಿಸಿಟ್ಟಿದ್ದರು. ಬೈದು ತೆಗೆದಿದ್ದರೆ ತಿರುಗಿ ಬೈಯಬಹುದಿತ್ತು, ಕರುಣೆಗೆ ಏನು ಹೇಳುವುದು?

ಮಾಸ್ಟರ್ ಮರಳಿ ಬಂದದ್ದು ಒಂದು ಸೋಮವಾರ. ಕುರ್ಚಿಯ ಕಡೆ ತಿರುಗಿಯೂ ನೋಡದೆ ಕತ್ತರಿಸುವ ಮೇಜಿನ ಬಳಿ ನಿಂತರು. ಮೇಲುಕೋಟು ತೆಗೆದರು. ಒಳಗೆ ಅರ್ಧತೋಳಿನ ಅಂಗಿ. ಮೂವತ್ತೊಂದು ವರ್ಷದಲ್ಲಿ ಅವರ ಮೊಣಕೈಯನ್ನು ಕಾರ್ಖಾನೆ ಕಂಡದ್ದು ಎರಡನೇ ಸಲ, ಮೊದಲ ಸಲ ಅವರಿಗೆ ಪ್ರಜ್ಞೆ ಇರಲಿಲ್ಲ. ಒಂದೊಂದಾಗಿ ಯಂತ್ರಗಳು ನಿಂತವು.

"ಹೊಟ್ಟೆ ಆಪರೇಷನ್ ಅಂದಿದ್ನಲ್ಲ, ಅದು ಸುಳ್ಳು" ಎಂದರು. "ಕ್ಯಾನ್ಸರ್ ಆಗಿತ್ತು. ಎದೆ ತೆಗೆದಿದಾರೆ."

ಇಸ್ತ್ರಿಯಣ್ಣ ಕೆಮ್ಮಿ, "ಗೊತ್ತು ಮಾಸ್ಟರ್" ಎಂದ.

"ಯಾರಿಗೆ ಗೊತ್ತು?"

"ಎಲ್ಲರಿಗೂ. ಕೇಳಿದ್ರೆ ನೀವು ಕತ್ತರಿ ಎಸೀತೀರಿ ಅಂತ ಸುಮ್ನಿದ್ವಿ."

ಅವರ ಮುಖದಲ್ಲಿ ಒಂದು ಗಳಿಗೆ ಏನು ಮಾಡಬೇಕೆಂದು ತೋಚದ ಭಾವ ಕಂಡಿತು. ಹಾಗೆ ನಾನು ಅವರನ್ನು ಯಾವತ್ತೂ ನೋಡಿರಲಿಲ್ಲ. ಅಷ್ಟು ಹೊತ್ತಿಗೆ ಚಿಕ್ಕ ಯಜಮಾನರು ಒಳಗಿನಿಂದ ಬಂದರು.

"ಮಾಸ್ಟರ್, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಕೂತ್ಕೊಂಡು ಮಾಡೋ ಕೆಲಸ ಮಾಡಿ. ಮೇಲ್ವಿಚಾರಣೆ ಥರ."

"ಗುಂಡಿಗೆ ಏನಪ್ಪಾ ಮೇಲ್ವಿಚಾರಣೆ?"

"ಕೈಗೆ ಮತ್ತೆ ಜಾಸ್ತಿಯಾದ್ರೆ? ನಾಳೆ ನಾನೇ ಮಾಡಿಸಿದೆ ಅಂತ ಆಗತ್ತೆ. ನನಗೂ ಮನಸ್ಸು ಕೇಳಲ್ಲ."

ಮಾಸ್ಟರ್ ಪಟ್ಟಿ ಟೀಚರ್ ಬರೆದುಕೊಟ್ಟ ಚೀಟಿಯನ್ನು ಮೇಜಿನ ಮೇಲಿಟ್ಟರು. ಯಜಮಾನರು ಓದಿದರು, ಆದರೂ ಬೇಡವೆಂದು ತಲೆಯಾಡಿಸುತ್ತಲೇ ಇದ್ದರು. ಆಗ ಮಾಸ್ಟರ್ ಕುತ್ತಿಗೆಯಲ್ಲಿದ್ದ ಟೇಪನ್ನು ಎಳೆದು ಅವರ ಮುಂದೆ ಹಿಡಿದರು.

"ಚೀಟಿ ಬೇಡ, ಇದನ್ನ ನಂಬ್ತೀರಲ್ಲ? ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲರೆದುರಿಗೆ ನನ್ನ ಕೈ ಅಳೀರಿ. ಬೋರ್ಡಲ್ಲಿ ಬರೀರಿ. ಹಿಂದಿನ ವಾರಕ್ಕಿಂತ ಏರಿದರೆ ಒಂದು ವಾರ ನನಗೆ ಕೊಡಿ. ಅದರ ಮುಂದಿನ ಸೋಮವಾರ ಇನ್ನೂ ಏರಿದ್ರೆ ಈ ಕತ್ತರಿ ಅವನ ಕೈಗೆ ಕೊಟ್ಟು ನಾನೇ ಹೋಗಿ ಆ ಮೆತ್ತೆ ಮೇಲೆ ಕೂರ್ತೀನಿ. ಅಲ್ಲಿವರೆಗೆ ಈ ಮೇಜು ನಂದು. ಅವನು ಕೋಟಿನ ಒಳಗಿನ ಅಸ್ತರು ಕತ್ತರಿಸಲಿ."

ಯಜಮಾನರು ಹೊಸಬನ ಕಡೆ ನೋಡಿದರು. ಹೊಸಬ ಕತ್ತರಿ ಕೆಳಗಿಟ್ಟು, "ಅಸ್ತರು ಎಲ್ಲಿದೆ?" ಎಂದು ಕೇಳಿದ. ಅಲ್ಲಿಗೆ ಒಪ್ಪಂದವಾಯಿತು. ಯಜಮಾನರಿಗೆ ಅವರ ಕೈ ಮುಟ್ಟಿ ಅಳೆಯಲು ಸಂಕೋಚ, ಹಾಗಾಗಿ ಟೇಪು ನನ್ನ ಕೈಗೆ ಬಂತು. ಪೀಡೆಯನ್ನು ಬಿಡಿಸಿ, ಅದೇ ಮೂರನೆಯ ಗುರುತಿನಲ್ಲಿ ಅಳೆದು, ಮೂವತ್ತೊಂದು ಎಂದೆ. ಆರ್ಡರುಗಳನ್ನು ಬರೆಯುವ ಬೋರ್ಡಿನ ಮೂಲೆಯಲ್ಲಿ ಯಜಮಾನರು ಮೂವತ್ತೊಂದು ಎಂದು ಬರೆದರು.

ಏಳು ಸೋಮವಾರ ಆ ಅಂಕಿ ಅಲ್ಲಾಡಲಿಲ್ಲ. ಪ್ರತಿ ಸೋಮವಾರ ಟೇಪು ಹಿಡಿಯಲು ನನಗೆ ಹೆದರಿಕೆ, ಅವರ ಮುಖ ಮಾತ್ರ ಗೋಡೆ. ದಾರಿಯಲ್ಲಿ ಯಾರಾದರೂ ಆ ತೋಳನ್ನು ಕಂಡು "ಅಯ್ಯೋ, ಸುಟ್ಟುಕೊಂಡ್ರಾ?" ಎಂದರೆ, "ಇಲ್ಲ, ಕ್ಯಾನ್ಸರ್" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ, ಅವರು ತಡವರಿಸುವುದನ್ನು ನೋಡಿ ಖುಷಿಪಡುತ್ತಿದ್ದರು. ಬಸ್ಸಿನಲ್ಲಿ ಹುಡುಗಿಯೊಬ್ಬಳು ಎದ್ದು ಜಾಗ ಕೊಡಲು ಬಂದಾಗ, "ನಿಲ್ಲೋದು ಕಾಲಲ್ಲಿ ಕಣಮ್ಮ" ಎಂದರು. ಆಮೇಲೆ ಪಾಪ ಅನ್ನಿಸಿ ಕೂತರು.

ಎಂಟನೆಯ ವಾರ ರೈಲಿನವರ ಕೋಟಿನ ಮುಖ್ಯ ಬಟ್ಟೆ ಬಂತು. ಕಂಬಳಿಯಷ್ಟು ದಪ್ಪ. ಪಕ್ಕದಲ್ಲಿ ಅಸ್ತರು ಕತ್ತರಿಸುತ್ತಿದ್ದ ಹೊಸಬ ಸರಸರನೆ ಮುಗಿಸಿ ಕೈಕಟ್ಟಿ ಕಾಯುತ್ತಿದ್ದ. ಅವನೇನೂ ಅನ್ನಲಿಲ್ಲ, ಆದರೆ ಅವನು ಕಾಯುವುದೇ ಮಾಸ್ಟರ್‌ಗೆ ಚುಚ್ಚಿತು. ನಾಲ್ಕು ದಿನ ಗಂಟೆಗೊಮ್ಮೆ ಕೊಡಬೇಕಾದ ಬಿಡುವು ಕೊಡಲಿಲ್ಲ. ನಾನು ಹೇಳಿದರೆ "ನಿನ್ನ ಯಂತ್ರ ನೋಡ್ಕೋ" ಎಂದರು. ನನಗೂ ಹಟ ಬಂದು ಸುಮ್ಮನಾದೆ. ಅದು ನನ್ನ ತಪ್ಪು.

ಸೋಮವಾರ ಟೇಪು ಸುತ್ತಿದಾಗಲೇ ಬೆರಳಿಗೆ ಗೊತ್ತಾಯಿತು. ಮೂವತ್ತೊಂದೂವರೆ. ಮೆತ್ತಗಿನ ಕೈ, ಟೇಪನ್ನು ಒಂಚೂರು ಬಿಗಿ ಎಳೆದರೆ ಒಳಕ್ಕೆ ಒತ್ತಿಕೊಂಡು ಮೂವತ್ತೊಂದೇ ತೋರಿಸುತ್ತದೆ. ಹೊಲಿಗೆಯವಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ನಾನು ಎಳೆದೆ.

"ಸಡಿಲ ಬಿಡು" ಎಂದರು ಮಾಸ್ಟರ್, ನನಗೊಬ್ಬಳಿಗೇ ಕೇಳುವ ಹಾಗೆ.

"ಅತ್ತೆ..."

"ಇಲ್ಲಿ ಯಾವ ಅತ್ತೆಯೂ ಇಲ್ಲ. ಅರ್ಧ ಅರ್ಧ ಇಂಚು ಮುಚ್ಚಿಟ್ಟೇ ಇಲ್ಲಿಗೆ ಬಂದಿರೋದು. ಬಿಡು."

ಬಿಟ್ಟೆ. ಅವರೇ ಬಗ್ಗಿ ನೋಡಿ, ಇಡೀ ಕೋಣೆಗೆ ಕೇಳುವಂತೆ, "ಮೂವತ್ತೊಂದೂವರೆ. ಬರ್ಕೊಳ್ಳಿ" ಎಂದರು. ಯಜಮಾನರು ಬರೆಯಲು ತಡಮಾಡಿದರು. ಬರೆಯುವ ತನಕ ಮಾಸ್ಟರ್ ಕಣ್ಣು ಕೀಳಲಿಲ್ಲ.

ಅವತ್ತು ಮನೆಗೆ ಬರುವ ದಾರಿಯುದ್ದಕ್ಕೂ ಅವರಿಗೆ ಬೈದೆ. ಹದಿನಾಲ್ಕು ವರ್ಷದಲ್ಲಿ ಉಳಿಸಿಕೊಂಡದ್ದನ್ನೆಲ್ಲ ಬೈದೆ. ಬಾಗಿಲ ಬೀಗ ತೆಗೆಯುವಾಗ ಅವರು, "ಆಯ್ತಾ? ಇನ್ನು ಏನು ಮಾಡಬೇಕು ಹೇಳು" ಎಂದರು.

ಆ ವಾರ ನಾವು ಮಾಡದ್ದಿಲ್ಲ. ಪಟ್ಟಿ ಟೀಚರ್‌ಗೆ ಫೋನು ಮಾಡಿದೆ. ಅರ್ಧ ಸೆಂಟಿಮೀಟರಿಗೆ ಹೆದರಬೇಡಿ, ಸೆಕೆಗೂ ಅಷ್ಟು ಏರುತ್ತದೆ, ಆದರೆ ಸಡಿಲ ಬಿಡಬೇಡಿ ಎಂದಳು. ಸಂಜೆ ಮನೆಗೆ ಬಂದ ಕೂಡಲೇ ಅವಳು ಕಲಿಸಿದ ಹಾಗೆ ಹಗುರವಾಗಿ ಕೈ ನೀವಿ, ಪಟ್ಟಿ ಸುತ್ತುತ್ತಿದ್ದೆ. ನನ್ನ ಗಂಡ ಬೇಕರಿಯಿಂದ ಹಿಟ್ಟು ಬೇಯುವ ಹೊತ್ತಿಗೆ ಗಂಟೆ ಹೊಡೆಯುವ ಪುಟ್ಟ ಗಡಿಯಾರ ತಂದುಕೊಟ್ಟರು. ಅದನ್ನು ಕತ್ತರಿಸುವ ಮೇಜಿನ ತುದಿಗಿಟ್ಟೆ. ಅದು ಕಿಣಿಗುಟ್ಟಿದ ಕೂಡಲೇ ಇಸ್ತ್ರಿಯಣ್ಣ "ಮಾಸ್ಟರ್, ಗಂಟೆ" ಎಂದು ಅಲ್ಲಿಂದಲೇ ಕೂಗುತ್ತಿದ್ದ. ಮಾಸ್ಟರ್ ಹಲ್ಲು ಕಚ್ಚಿಕೊಂಡು ಕತ್ತರಿ ಕೆಳಗಿಟ್ಟು, ಬಟ್ಟೆಯ ಸುರುಳಿಗಳ ಮೇಲೆ ಕೈ ಎತ್ತಿಟ್ಟು, ಮುಷ್ಟಿ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ, ಐದು ನಿಮಿಷ ಕಳೆಯುತ್ತಿದ್ದರು. ಹೊಸಬ ಯಾರೂ ಹೇಳದೆಯೇ ಆ ಐದು ನಿಮಿಷದಲ್ಲಿ ಅವರ ಮುಂದಿನ ಬಟ್ಟೆ ಹಾಸಿಡತೊಡಗಿದ. ಮೊದಲ ದಿನ ಮಾಸ್ಟರ್ ಅದನ್ನು ಎಳೆದು ಮತ್ತೆ ತಾವೇ ಹಾಸಿದರು. ಮೂರನೆಯ ದಿನ ಅಂಚು ಮಾತ್ರ ಸರಿಮಾಡಿದರು. ಐದನೆಯ ದಿನ ಹಾಗೇ ಬಿಟ್ಟರು.

ಭಾನುವಾರ ಮಧ್ಯಾಹ್ನ ಪಟ್ಟಿ ಸುತ್ತುವಾಗ ನನಗೆ ತಡೆಯಲಾಗಲಿಲ್ಲ. "ಗುಂಡಿ ಮೇಜು ಅಷ್ಟು ಕೆಟ್ಟದೇನತ್ತೆ? ನಾಳೆ ಏರಿದ್ರೆ ಏನು ಪ್ರಾಣ ಹೋಗಲ್ವಲ್ಲ?" ಎಂದೆ. ಅವರನ್ನು ಸಮಾಧಾನ ಮಾಡಲು ಹೇಳಿದ್ದು. ಸಮಾಧಾನ ಬೇಕಾಗಿದ್ದುದು ನನಗೆ.

ಅವರು ಪಟ್ಟಿಯ ತುದಿಯನ್ನೇ ನೋಡುತ್ತಿದ್ದರು. "ಗುಂಡಿ ಹಚ್ಚೋದು ಅವಮಾನ ಅಂತ ಅಲ್ಲ ಕಣೇ. ಅಲ್ಲೂ ನಾನು ಚೆನ್ನಾಗೇ ಹಚ್ತೀನಿ. ಎದೆ ಕೇಳಿದ್ರು, ಕೊಟ್ಟೆ. ಕೂದಲು ಕೇಳಿದ್ರು, ಕೊಟ್ಟೆ. ಒಂದು ಮಾತೂ ಆಡಲಿಲ್ಲ, ಬದುಕಬೇಕಿತ್ತು. ಆ ಕತ್ತರಿಸೋ ಮೇಜಿನ ಮುಂದೆ ನಿಂತಾಗ ಮಾತ್ರ ನಾನು ರೋಗಿ ಅಲ್ಲ. ಅದನ್ನೂ ಕೊಡು ಅಂದ್ರೆ ಕೊಡಲ್ಲ. ಕಿತ್ಕೊಳ್ಳಲಿ ಬೇಕಾದ್ರೆ. ನಾನಾಗಿ ಕೊಡಲ್ಲ."

ನನಗೆ ಅಳು ಬಂತು. ನಾನು ಅತ್ತದ್ದಕ್ಕೆ, ಪಟ್ಟಿ ಸಡಿಲವಾಯಿತು, ಬಿಚ್ಚಿ ಮತ್ತೆ ಸುತ್ತು ಎಂದು ಬೈದರು.

ಸೋಮವಾರ ಯಾರೂ ಯಂತ್ರ ಶುರು ಮಾಡಿರಲಿಲ್ಲ. ಯಜಮಾನರು ಸೀಮೆಸುಣ್ಣ ಹಿಡಿದು ಬೋರ್ಡಿನ ಬಳಿ ನಿಂತಿದ್ದರು. ಹೊಸಬ ಮೇಜಿನ ಆ ತುದಿಯಲ್ಲಿ. ಮಾಸ್ಟರ್ ಪೀಡೆಯನ್ನು ತಾವೇ ಸುಲಿದು ತೆಗೆದು, ಕೈ ಮುಂದಕ್ಕೆ ಚಾಚಿದರು. ಎಲಾಸ್ಟಿಕ್ಕಿನ ಗೆರೆಗಳು ಚರ್ಮದ ಮೇಲೆ ಹಾಗೇ ಇದ್ದವು. ನಾನು ಗುರುತಿನ ಮೇಲೆ ಟೇಪು ಸುತ್ತಿದೆ. ಓರೆಯಾಗದಂತೆ, ಬಿಗಿಯಾಗದಂತೆ, ಜಾರದಂತೆ. ನನ್ನ ಜೀವಮಾನದಲ್ಲಿ ಅಷ್ಟು ಸರಿಯಾಗಿ ಯಾರ ಅಳತೆಯನ್ನೂ ತೆಗೆದಿಲ್ಲ. ಎರಡು ಸಲ ನೋಡಿದೆ.

"ಮೂವತ್ತೊಂದೂವರೆ" ಎಂದೆ.

ಯಜಮಾನರ ಭುಜ ಇಳಿಯಿತು. ನಿಜವಾಗಿಯೂ ಬೇಸರದಿಂದಲೇ, "ಇಳಿದಿಲ್ಲವಲ್ಲ ಮಾಸ್ಟರ್" ಎಂದರು.

"ಏರಿಲ್ಲವಲ್ಲ" ಎಂದರು ಮಾಸ್ಟರ್. "ಬರ್ಕೊಳ್ಳಿ."

ಆಮೇಲೆ ಹೊಸಬನ ಕಡೆ ತಿರುಗಿ, "ಏನು ನೋಡ್ತಾ ನಿಂತೆ? ಬಟ್ಟೆ ಹಾಸು" ಎಂದರು.